ತಲೆಯಿಲ್ಲದ ಹಂಸ

ಟೈಲರಮ್ಮನ ಎಡಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಆ ಸೀಳಿನಲ್ಲಿ ಯಾವಾಗಲೂ ಒಂದೆಳೆ ದಾರ ಸಿಕ್ಕಿಕೊಂಡಿರುತ್ತಿತ್ತು. ಸೂಜಿ ಹಿಡಿಯುವುದೂ ಎಡಗೈಯಲ್ಲೇ. ಹಾಗಾಗಿ ಅವರ ಹೆಮ್ಮಿಂಗ್, ಅಂಚು ಮಡಿಚಿ ಹಾಕುವ ಕೈಹೊಲಿಗೆ, ಬೇರೆಯವರದ್ದಕ್ಕಿಂತ ಉಲ್ಟಾ ವಾಲುತ್ತಿತ್ತು.

ಭದ್ರಾವತಿಯಲ್ಲಿ ನಮ್ಮ ಪಕ್ಕದ ಮನೆಯವರು. ಹಳೇ ಬಟ್ಟೆ ಅಸಲಿಯೋ ನಕಲಿಯೋ ಎಂದು ಕೇಳಲು ಶಿವಮೊಗ್ಗದ ಅಂಗಡಿಯವರೂ ಅವರ ಹತ್ತಿರ ಬರುತ್ತಿದ್ದರು. ಬಂದವರು ಅಂಚು ತೋರಿಸಿದರೆ ನೋಡುತ್ತಲೇ ಇರಲಿಲ್ಲ. "ಮುಖ ಯಾರ್ ಬೇಕಾದ್ರೂ ತೊಳ್ಕೊಂಡ್ ಬರ್ತಾರೆ. ಹೊಟ್ಟೆ ತೋರ್ಸು" ಎಂದು ಒಳಮಗ್ಗುಲು ತಿರುವುತ್ತಿದ್ದರು. ಉಗುರಿನಿಂದ ಜರಿ ಕೆರೆದರೆ ಒಳಗೆ ಕೆಂಪು ರೇಷ್ಮೆ ಎಳೆ ಕಾಣಬೇಕು. ಲೈನಿಂಗಿನ ಒಂದು ನೂಲು ಕಿತ್ತು ಬೆಂಕಿಕಡ್ಡಿಗೆ ಹಿಡಿದರೆ ಬೂದಿಯಾಗಬೇಕು. ಕರಗಿ ಮಣಿ ಕಟ್ಟಿದರೆ ಪಾಲಿಸ್ಟರ್. ವಾಸನೆ ನೋಡಿ ಹಳೇದು ಎನ್ನುವವರನ್ನು ಕಂಡರೆ ಉರಿದುಬೀಳುತ್ತಿದ್ದರು. "ಡಾಂಬರ್ ಗುಳಿಗೆ ಜೊತೆ ಟ್ರಂಕಲ್ಲಿ ಮಲಗು ಮಾರಾಯ, ನೀನೂ ಮುತ್ತಜ್ಜ ಆಗ್ತೀಯ" ಎಂದು ಒಬ್ಬ ಅಂಗಡಿಯವನನ್ನು ಕಳಿಸಿದ್ದರು.

ನಮ್ಮ ಅಕ್ಕನನ್ನು ಶಿವಮೊಗ್ಗದ ರಾಗಿಗುಡ್ಡದ ಕಡೆ ಕೊಟ್ಟಿದ್ದೆವು. ಆ ಮನೆಯಲ್ಲಿ ಹಂಸದ ಅಂಚಿನ ಒಂದು ಜರಿ ರವಿಕೆ ಇತ್ತು. ಮುತ್ತಜ್ಜಿಯದಂತೆ. ಬರುವ ಸೊಸೆ ಧಾರೆಯ ಹೊತ್ತಿಗೆ ಅದನ್ನೇ ತೊಡಬೇಕು, ಆಮೇಲೆ ಅವಳ ಬೀರುವಿನಲ್ಲೇ ಇರಬೇಕು. ಅಕ್ಕ ತೊಟ್ಟಳು, ಇಟ್ಟಳು. ಎರಡು ವರ್ಷದ ಮೇಲೆ ಮೈದುನನಿಗೆ ಹೆಣ್ಣು ಹುಡುಕಲು ಶುರುಮಾಡಿದಾಗ ಅವಳ ಅತ್ತೆ ಅದನ್ನು ರಿಪೇರಿಗೆ ಒಯ್ದರು. ಅಂಗಡಿಯವನು ಜರಿ ಡುಪ್ಲಿಕೇಟ್ ಎಂದ. ಅಸಲಿಯನ್ನು ಅಕ್ಕನೇ ಬದಲಾಯಿಸಿದ್ದಾಳೆ ಎನ್ನಲು ಅತ್ತೆಗೆ ಅಷ್ಟೇ ಸಾಕಾಯಿತು. ಅಸಲಿ ತಂದರೆ ಬಾ, ಇಲ್ಲದಿದ್ದರೆ ಅಲ್ಲೇ ಇರು ಎಂದು ಅಕ್ಕನನ್ನು ರವಿಕೆ ಸಮೇತ ತವರಿಗೆ ಕಳಿಸಿದರು. ಭಾವನೂ ತಡೆಯಲಿಲ್ಲ.

ನಾನೂ ಒಂದು ಸಲ ಕೇಳಿದೆ: "ನಿಜ ಹೇಳಕ್ಕ, ನೀನೇನಾದ್ರೂ ಮಾರಿದ್ಯಾ?" ಅವಳು ಎದ್ದು ಒಳಗೆ ಹೋದಳು. ಹಾಗೆ ಕೇಳಿದ್ದಕ್ಕೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟಿದೆ.

ರವಿಕೆಯನ್ನು ಟೈಲರಮ್ಮನ ಮುಂದೆ ಇಟ್ಟೆ. ಒಳಮಗ್ಗುಲು ತಿರುವಿದವರ ಕೈ ಹಾಗೇ ನಿಂತಿತು. ಕೆರೆಯಲಿಲ್ಲ, ಕಡ್ಡಿ ಗೀರಲಿಲ್ಲ. ನಾಳೆ ಬಾ ಎಂದರು. ನಾನು ಬಗ್ಗಿ ನೋಡಿದೆ. ಹೆಮ್ಮಿಂಗ್ ಉಲ್ಟಾ ವಾಲಿತ್ತು. ಇದು ನಿಮ್ಮ ಕೈಯದೇ ಎಂದು ಇಡೀ ಬೀದಿಗೆ ಕೇಳುವ ಹಾಗೆ ಕೂಗಾಡಿದೆ. ಅವರು ಬಾಗಿಲು ಹಾಕಿಕೊಂಡರು.

ಮರುದಿನ ಬೆಳಿಗ್ಗೆ ಮಡಿಸಿಟ್ಟ ಸೀರೆ ಉಟ್ಟು ಬಂದು ನನ್ನ ಲಗೇಜ್ ಆಟೋ ಹತ್ತಿ, ಅಕ್ಕನನ್ನೂ ಹಿಂದೆ ಹತ್ತಿಸಿಕೊಂಡು, ಅವಳ ಅತ್ತೆ ಮನೆಗೆ ನಡಿ ಎಂದರು. ಶಿವಮೊಗ್ಗದ ದಾರಿಯಲ್ಲಿ ಮಲವಗೊಪ್ಪ ದಾಟಿದ ಮೇಲೆ ಬಾಯಿ ಬಿಟ್ಟರು. ಹತ್ತು ವರ್ಷದ ಹಿಂದೆ ಅಕ್ಕನ ಮಾವ ಅಸಲಿ ರವಿಕೆ ತಂದಿದ್ದರಂತೆ. ಟ್ರಂಕಿನಲ್ಲಿ ಇಲಿ ಕಡಿದು ಚಿಂದಿಯಾಗಿತ್ತು. ಅಂಥದ್ದೇ ಒಂದು ಹೊಲಿದುಕೊಡಿ, ಮನೆಯವರಿಗೆ ಗೊತ್ತಾಗಬಾರದು ಎಂದು ಮಾತು ತೆಗೆದುಕೊಂಡಿದ್ದರು. ಈಗ ಆ ಮಾವನೂ ಇಲ್ಲ.

"ಸತ್ತೋರಿಗೆ ಕೊಟ್ಟ ಮಾತು ಕಣೋ" ಎಂದರು.

"ನಮ್ಮಕ್ಕ ಇನ್ನೂ ಸತ್ತಿಲ್ಲ" ಎಂದೆ.

ಅತ್ತೆಯ ಮನೆ ತಲುಪಿದೆವು. ಆ ಮನೆಯ ಹಾಲ್‌ನಲ್ಲಿ ಕೂತು ಟೈಲರಮ್ಮ ಎಲ್ಲ ಹೇಳಿದರು. ಚಹಾ ನೀರಲ್ಲಿ ಅದ್ದಿ ಹಳೇದರ ಹಾಗೆ ಮಾಡಿದ್ದೂ ತಾನೇ ಎಂದರು. ಅತ್ತೆ ನಂಬಲಿಲ್ಲ. "ನೀವು ಅವ್ರ ಪಕ್ಕದ್ಮನೆಯೋರು. ಹೋದ್ವಾರ ಹೊಲ್ದು ಕೊಟ್ಟು ಈಗ ಕತೆ ಹೇಳ್ತೀರ" ಎಂದರು.

ಟೈಲರಮ್ಮ ರವಿಕೆಯ ಎಡತೋಳು ಚಾಚಿದರು. ಅಲ್ಲಿ ಅಂಚು ಸಾಲದೆ ಇನ್ನೊಂದು ತುಂಡು ಸೇರಿಸಿ ಜೋಡು ಹಾಕಿದ್ದರು. ಜೋಡಿನಲ್ಲಿ ಒಂದು ಹಂಸದ ತಲೆ ಹಾರಿಹೋಗಿತ್ತು.

"ನನ್ನ ಕೈತಪ್ಪು ಇದು. ಈಗ ಗೋಡೆ ನೋಡಿ."

ಗೋಡೆಯಲ್ಲಿ ಅಕ್ಕನ ಮದುವೆಯ ದೊಡ್ಡ ಫೋಟೋ. ಎಡತೋಳು ಕ್ಯಾಮೆರಾ ಕಡೆಗೇ ಇತ್ತು. ಅತ್ತೆ ತಮ್ಮ ಟ್ರಂಕಿನಿಂದ ತಾವೇ ತೆಗೆದು ತೊಡಿಸಿದ್ದ ರವಿಕೆ. ಅಲ್ಲೂ ಆ ಹಂಸಕ್ಕೆ ತಲೆ ಇರಲಿಲ್ಲ.

ಅತ್ತೆ ತಪ್ಪಾಯಿತು ಎನ್ನಲಿಲ್ಲ. ಅಕ್ಕನನ್ನು ಒಳಗೆ ಕರೆದುಕೊಂಡರು, ಅಷ್ಟೇ. ಆಮೇಲೆ ಭದ್ರಾವತಿಯ ಟೈಲರ್ ನಕಲಿ ಮಾಡುವವಳು ಎಂದು ಕಂಡಕಂಡವರಿಗೆಲ್ಲ ಹೇಳಿದರು. ಅಂಗಡಿಯವರು ಬರುವುದು ನಿಂತುಹೋಯಿತು. ಇಷ್ಟು ವರ್ಷ ಅವರ ಮಾತು ನಂಬಿ ವ್ಯಾಪಾರ ಮಾಡಿದವರು. ನಾನು ಜಗಳಕ್ಕೆ ಹೊರಟರೆ ಟೈಲರಮ್ಮನೇ ತಡೆದರು. "ಬಿಡೋ. ನಾನೇ ಹೊಲ್ದಿದ್ದೆ, ನಾನೇ ಬಿಚ್ದೆ."

ಹೋದ ವರ್ಷ ತೀರಿಕೊಂಡರು. ಆ ಅಂಗಡಿಯವರಲ್ಲಿ ಒಬ್ಬನೂ ಮಣ್ಣಿಗೆ ಬರಲಿಲ್ಲ.

ಕಳೆದ ತಿಂಗಳು ಅಕ್ಕನ ಮೈದುನನ ಮದುವೆ. ಹೊಸ ಸೊಸೆಗೆ ಅದೇ ರವಿಕೆ ತೊಡಿಸಿ, ನಮ್ಮ ಮುತ್ತಜ್ಜಿಯದು ಎಂದು ಅತ್ತೆ ಬೀಗರಿಗೆ ತೋರಿಸುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು. ಎದ್ದುನಿಂತೆ. ಅಷ್ಟರಲ್ಲಿ ಆರತಿ ತಟ್ಟೆ ಹಿಡಿದಿದ್ದ ಅಕ್ಕ ಅದನ್ನು ಪಕ್ಕಕ್ಕಿಟ್ಟು ಹೋಗಿ ಆ ಹುಡುಗಿಯ ಎಡತೋಳು ಹಿಡಿದಳು.

"ಮುತ್ತಜ್ಜೀದಲ್ಲ" ಎಂದಳು, ಎಲ್ಲರಿಗೂ ಕೇಳುವ ಹಾಗೆ. "ಇದು ನಮ್ಮ ಭದ್ರಾವತಿ ಟೈಲರಮ್ಮ ಹೊಲ್ದಿದ್ದು. ನೋಡಿ, ಈ ಹಂಸಕ್ಕೆ ತಲೆ ಇಲ್ಲ."