ಗಾದಿಯ ಮುಂದೆ ಇಟ್ಟ ಮೇಜು

ನಾನು ಕೆಲಸ ಕಲಿಯಲು ಹೋದ ಮೊದಲ ಕಚೇರಿಯಲ್ಲಿ ಒಂದು ಕುರ್ಚಿಯೂ ಇರಲಿಲ್ಲ. ರಬಕವಿಯ ಆ ಸೀರೆ ಅಂಗಡಿಯಲ್ಲಿ ಗೋಡೆಯಿಂದ ಗೋಡೆಗೆ ಬಿಳಿ ಹಾಸಿಗೆ ಹಾಸಿ, ಒರಗಲು ಲೋಡು ಇಟ್ಟಿದ್ದರು. ಸಾವುಕಾರರು ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಫೋನಿನಲ್ಲಿ ಮರಾಠಿ ಮಾತಾಡುತ್ತಿದ್ದರು. ನಾನು ಚಪ್ಪಲಿ ಹಾಕಿಕೊಂಡೇ ಹೊಸ್ತಿಲು ದಾಟಿ, ಮೇಜು ಎಲ್ಲಿದೆ ಎಂದು ಹುಡುಕುತ್ತಿದ್ದೆ.

"ಚಪ್ಲಿ ಹೊರಗ ಬಿಟ್ಟ ಬಾ ತಂಗಿ. ಮ್ಯಾಲ ಕುಂದರ," ಎಂದರು.

ಅದಕ್ಕೆ ಇಲ್ಲಿ ಗಾದಿ ಎನ್ನುತ್ತಾರೆ. ಹಾಸಿಗೆಗೂ ಅದೇ ಮಾತು, ವ್ಯಾಪಾರ ನಡೆಯುವ ಜಾಗಕ್ಕೂ ಅದೇ. ನಮ್ಮ ಗುಂಡ್ಲುಪೇಟೆಯಲ್ಲಿ ಹಗಲು ಹೊತ್ತು ಹಾಸಿಗೆಯ ಮೇಲೆ ಕೂತವರನ್ನು ಕಂಡರೆ ಜ್ವರವೇ ಎಂದು ಕೇಳುತ್ತೇವೆ.

ಅಮ್ಮ ಸರ್ಕಾರಿ ಆಸ್ಪತ್ರೆಯ ನರ್ಸ್. ಅವಳಿಗೆ ಇಲ್ಲಿಗೆ ವರ್ಗವಾಯಿತು, ನಾನೂ ಹಿಂದೆ ಬಂದೆ. ಜಮಖಂಡಿಯ ಕಾಲೇಜಿನಲ್ಲಿ ಕಚೇರಿ ನಿರ್ವಹಣೆಯ ಪದವಿಗೆ ಸೇರಿದೆ. ಮೊದಮೊದಲು ಎಲ್ಲವೂ ಬೇಸರವೇ. ಬಾಡಿಗೆ ಮನೆಯ ಕೆಳಗೆ ದಿನವಿಡೀ ಮಗ್ಗದ ಸದ್ದು. ಮುದ್ದೆ ನುಂಗಿ ಬೆಳೆದ ನನಗೆ ಕಟಕ್ ರೊಟ್ಟಿ ಅಗಿಯುವುದೇ ಒಂದು ಕೆಲಸವಾಗಿತ್ತು. ನನ್ನ ಮಾತು ಕೇಳಿ ಹುಡುಗಿಯರು "ಟಿವಿಯೊಳಗಿನವ್ರಂಗ ಮಾತಾಡ್ತಾಳ" ಎಂದು ನಗುತ್ತಿದ್ದರು. ಆಮೇಲೆ ಹೇಗೋ ಊರು ಹಿಡಿಸಿತು. ಬಸ್ಸಿನಲ್ಲಿ ಗುರುತಿಲ್ಲದ ಹೆಂಗಸು ಬುತ್ತಿ ಬಿಚ್ಚಿ ನನಗೂ ಅರ್ಧ ರೊಟ್ಟಿ ಕೊಟ್ಟದ್ದು ನೆನಪಿದೆ. ಮಗ್ಗ ನಿಂತ ದಿನ ನಿದ್ದೆ ಬಾರದಷ್ಟು ನಾನು ಇಲ್ಲಿಯವಳಾದೆ.

ಕೊನೆಯ ವರ್ಷ ಅಮ್ಮನಿಗೆ ಮತ್ತೆ ಊರಿನ ಕಡೆಗೇ ವರ್ಗ ಎಂದು ಗೊತ್ತಾಯಿತು. "ಇಲ್ಲೇ ಕೆಲಸ ಸಿಕ್ಕರೆ ಇರು, ಇಲ್ಲದಿದ್ದರೆ ನನ್ನ ಜೊತೆ ಬಾ" ಎಂದಳು. ಊರಿನಲ್ಲಿ ಸೋದರಮಾವ ಆಗಲೇ ಗಂಡು ನೋಡಿಟ್ಟಿದ್ದರು. ನನಗೆ ನನ್ನದೇ ಸಂಬಳ, ನನ್ನದೇ ಒಂದು ಕೋಣೆ ಬೇಕಿತ್ತು. ಹುಡುಗಿಯನ್ನು ಕೆಲಸ ಕಲಿಯಲು ಕರೆದವರು ಈ ಸಾವುಕಾರರೊಬ್ಬರೇ.

"ಕಾಲೇಜಿನ್ಯಾಗ ಏನ ಕಲಿಸ್ಯಾರೋ ಅದನ್ನ ಮಾಡಿ ತೋರಸು. ಛಲೋ ಅನಿಸಿದ್ರ ಪರೀಕ್ಷಾ ಮುಗಿದ ಮ್ಯಾಲೂ ಇಲ್ಲೇ ಇರು," ಎಂದಿದ್ದರು.

ಕಲಿಸಿದ್ದನ್ನೇ ಮಾಡಿದೆ. ಕಚೇರಿಗೆ ಬಂದವರು ಮೊದಲು ಸ್ವಾಗತದ ಮೇಜಿಗೆ ಬರಬೇಕು, ಹೆಸರು, ಕೆಲಸ ಹೇಳಬೇಕು, ಕರೆಯುವವರೆಗೆ ಕಾಯಬೇಕು. ಸಾವುಕಾರರು ಹುರುಪಿನಿಂದ ತಾವೇ ಮೇಜು ತರಿಸಿದರು. ಅದನ್ನು ಹೊಸ್ತಿಲಿನ ಒಳಗೇ ಹಾಕಿಸಿದೆ. ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿಗಳು. ನನಗೆ ಎಷ್ಟು ಹೆಮ್ಮೆಯಾಗಿತ್ತು!

ಮರುದಿನ ಸಾವುಕಾರರು ಊಟಕ್ಕೆ ಒಳಗೆ ಹೋಗಿದ್ದಾಗ ಈರಪ್ಪಜ್ಜ ಬಂದರು. ಮುಂಚಿನಿಂದಲೂ ಈ ಅಂಗಡಿಗೇ ಸೀರೆ ನೇಯ್ದು ಕೊಡುವವರು. ಬಗಲಲ್ಲಿ ಗಂಟು.

"ಯಾರು ಬೇಕಿತ್ತು? ಏನು ಕೆಲಸ?" ಎಂದು ನಗುನಗುತ್ತಲೇ ಕೇಳಿದೆ.

"ಏನ ಕೆಲಸಾ? ಸೀರಿ ತಂದೇನವಾ."

"ಕುರ್ಚಿ ಮೇಲೆ ಕೂತಿರಿ ಅಜ್ಜ, ಕರೀತೀನಿ."

ಅವರು ಕುರ್ಚಿ ನೋಡಿದರು, ಮೇಜಿನಾಚೆಯ ಗಾದಿ ನೋಡಿದರು. ಇಲ್ಲಿ ನೇಕಾರ ಬಂದರೆ ನೇರ ಗಾದಿ ಏರಿ, ಸಾವುಕಾರರ ಮಗ್ಗುಲಲ್ಲೇ ಕುಳಿತು ಸೀರೆ ಬಿಚ್ಚುತ್ತಾನೆ. ಚಹಾ ಬರುತ್ತದೆ, ಮನೆಮಂದಿಯ ಮಾತಾಗುತ್ತದೆ, ದರದ ಮಾತು ಕೊನೆಗೆ. ಇದನ್ನು ನಾನು ದಿನವೂ ನೋಡಿದ್ದೆ. ನೋಡಿಯೂ ಅದನ್ನು ಅಶಿಸ್ತು ಎಂದುಕೊಂಡಿದ್ದೆ.

"ನಮ್ಮಪ್ಪನೂ ಈ ಗಾದಿ ಮ್ಯಾಲ ಕುಂತ ಸೀರಿ ಬಿಚ್ಚಿದಾಂವ. ಕುರ್ಚಿ ಮ್ಯಾಲ ಕುಂತ ಕಾಯಾಕ ನಾ ಏನ ದವಾಖಾನಿಗೆ ಬಂದೇನೇನು?" ಎಂದವರೇ ಗಂಟು ಎತ್ತಿಕೊಂಡು ಎದುರಿನ ಅಂಗಡಿಯ ಗಾದಿ ಏರಿದರು.

ಸುದ್ದಿ ಓಣಿಓಣಿಗೆ ಹಬ್ಬಿತು. ಆ ವಾರ ಗಾದಿಯ ಮೇಲೆ ಸಾವುಕಾರರೊಬ್ಬರೇ ಕುಳಿತಿದ್ದರು. ನಾನು ಈರಪ್ಪಜ್ಜನ ಮನೆಗೆ ಹೋದೆ. ಮಗ್ಗದ ಪಕ್ಕದಲ್ಲೇ ಚಾಪೆ ಹಾಸಿ ಕೂರಿಸಿದರು, ಚಹಾ ಕೊಟ್ಟರು. ಮೇಜು ತೆಗೆಸುತ್ತೇನೆ, ಬನ್ನಿ ಎಂದು ಬೇಡಿಕೊಂಡೆ.

"ನಿನ್ನ ಮ್ಯಾಲ ಸಿಟ್ಟಿಲ್ಲ ಯವ್ವಾ. ಆದ್ರ ಎದುರಿನವ್ರ ಗಾದಿ ಮ್ಯಾಲ ಕುಂತ ಬಿಟ್ಟೇನಲ್ಲ, ಈಗ ಹೆಂಗ ಎದ್ದ ಬರ್ಲಿ?"

ಅವರು ಬೈದಿದ್ದರೆ ಚೆನ್ನಾಗಿತ್ತು. ದಾರಿಯುದ್ದಕ್ಕೂ ಅಳುತ್ತ ಬಂದೆ. ಸಾವುಕಾರರೂ ಬೈಯಲಿಲ್ಲ. ಮೇಜು ಹೊರಗೆ ಹಾಕಿಸಿ, "ನಿಂದೇನ ತಪ್ಪಿಲ್ಲ ತಂಗಿ. ಆದ್ರ ನೀ ಇದ್ರ ಮಂದಿಗೆ ಅದೇ ನೆನಪ ಆಕ್ಕೈತಿ. ದೊಡ್ಡ ಊರಾಗ ನೋಡ್ಕೋ," ಎಂದರು. ಮುಧೋಳ, ಬೀಳಗಿಯಲ್ಲೂ ಕೇಳಿದೆ. ಎಲ್ಲೂ ಕೆಲಸವಿಲ್ಲ.

ಅಮ್ಮ ಸಾಮಾನು ಕಟ್ಟುತ್ತಿದ್ದಾಳೆ. ಹೋದ ವಾರ ಮೈಸೂರಿಗೆ ಒಂದು ಸಂದರ್ಶನಕ್ಕೆ ಹೋಗಿದ್ದೆ. ನಮ್ಮ ಕಡೆಯವರ ನಡುವೆ ಬಂದೆನಲ್ಲ ಎಂದು ಜೀವ ಹಗುರಾಗಿತ್ತು. ಗಾಜಿನ ಬಾಗಿಲು, ಒಳಗೆ ಮೇಜು, ಮೇಜಿನ ಹಿಂದೆ ನನ್ನದೇ ವಯಸ್ಸಿನ ಹುಡುಗಿ. ಅವಳು ನನ್ನ ಬರಿಗಾಲು ನೋಡಿದಳು. ಆಗಲೇ ನನಗೆ ಗೊತ್ತಾದದ್ದು, ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು ಬಂದಿದ್ದೆ.

"ಯಾರು ಬೇಕಿತ್ತು? ಏನು ಕೆಲಸ?" ಎಂದು ನಗುನಗುತ್ತಲೇ ಕೇಳಿ, ಕುರ್ಚಿ ತೋರಿಸಿದಳು.

ಈರಪ್ಪಜ್ಜನಿಗೆ ಎದ್ದು ಹೋಗಲು ಎದುರಿಗೆ ಇನ್ನೊಂದು ಗಾದಿಯಿತ್ತು. ನಾನು ಕುರ್ಚಿಯ ಮೇಲೆ ಕುಳಿತು ಕಾದೆ.