ಹಾನ್ಸ್ ಉಕ್ಕಿಸದ ಹಾಲು

ಹಾಲು ಉಕ್ಕಲಿಲ್ಲ ಅಂತ ಯಾರಿಗಾದರೂ ಬಾಡಿಗೆ ಮನೆ ತಪ್ಪಿಹೋಗುವುದು ಉಂಟೆ? ಕಳೆದ ಶುಕ್ರವಾರ ಬೆಳಗ್ಗೆ ನನ್ನ ಕಣ್ಣೆದುರೇ ಇನ್ನೇನು ತಪ್ಪಿಹೋಗುವುದರಲ್ಲಿತ್ತು.

ಮನೆ ಹುಡುಕುತ್ತಿದ್ದವನು ಹಾನ್ಸ್. ನಮ್ಮ ಫ್ಯಾಕ್ಟರಿಯಲ್ಲಿ ಮೆಷಿನ್ ಜೋಡಿಸಲು ಜರ್ಮನಿಯಿಂದ ಬಂದವನು. ಕಂಟೋನ್ಮೆಂಟಿನ ಹೋಟೆಲಿನಲ್ಲಿದ್ದ. ಹೆಂಡತಿ, ಕೈಗೂಸು ಆಗಲೇ ಹಡಗು ಹತ್ತಿಯಾಗಿತ್ತು. ಅವರು ಬಂದಿಳಿಯುವುದರೊಳಗೆ ಮನೆ ಆಗಬೇಕು. "ಅಲ್ಲೇ ಕಂಟೋನ್ಮೆಂಟಲ್ಲಿ ಒಂದು ಬಂಗಲೆ ಹಿಡಿಯಯ್ಯ" ಅಂದೆ. "ಅಲ್ಲಿ ಬರೀ ನಮ್ಮಂಥವರೇ. ಅವರನ್ನ ನೋಡೋಕೆ ಇಷ್ಟು ದೂರ ಬರಬೇಕಿತ್ತಾ?" ಅಂದ. ಮಾತೇನೋ ಸರಿ. ಅಲೆದಾಟ ಮಾತ್ರ ನನ್ನ ತಲೆಗೆ ಬಂತು.

ಬಸವನಗುಡಿಯಲ್ಲಿ ಕೇಳಿದೆವು. ಜಯನಗರದಲ್ಲಿ ಬೀದಿ ಬೀದಿ ಸುತ್ತಿದೆವು. 'ಟು ಲೆಟ್' ಬೋರ್ಡು ತೂಗುತ್ತಲೇ ಇರುತ್ತದೆ. ಹಾನ್ಸನ ಮುಖ ಕಂಡ ಕೂಡಲೇ "ಈಗ ತಾನೇ ಆಗೋಯ್ತು ಸಾರ್". (ಮರುದಿನವೂ ಬೋರ್ಡು ಅಲ್ಲೇ. ನಾಚಿಕೆ ಬೋರ್ಡಿಗೂ ಇಲ್ಲ, ಮಾಲೀಕರಿಗೂ ಇಲ್ಲ.)

ಕೊನೆಗೆ ಸಿಕ್ಕವರು ಪುಟ್ಟೇನಹಳ್ಳಿಯ ನಂಜಮ್ಮ. ಹೊಲದಲ್ಲಿ ಒಂದು ಪಾಲು ಲೇಔಟಿಗೆ ಹೋಗಿ, ಉಳಿದದ್ದರಲ್ಲಿ ಇನ್ನೂ ರಾಗಿ ಬೆಳೆಯುವವರು. ಜಯನಗರದ ತುದಿಯಲ್ಲಿ ಬಾಡಿಗೆಗೆಂದೇ ಒಂದು ಹೆಂಚಿನ ಮನೆ ಕಟ್ಟಿಸಿದ್ದರು. "ಬೇಡ ಅಂತ ಊರೆಲ್ಲ ಹೇಳ್ತಾವ್ರೆ ಸ್ವಾಮಿ. ಶುಕ್ರವಾರ ಬಂದು ಹಾಲುಕ್ಕಿಸ್ಲಿ. ಸರಿಯಾಗಿ ಉಕ್ಕುದ್ರೆ ಬೀಗದ ಕೈ ಕೊಡ್ತೀನಿ" ಅಂದರು.

ಹೊಸ ಮನೆ ಹೊಗುವಾಗ ಹಾಲು ಉಕ್ಕಿಸಬೇಕು. ನಮಗೆ ಇದನ್ನು ಯಾರೂ ಕಲಿಸಿಲ್ಲ, ಹುಟ್ಟುತ್ತಲೇ ಗೊತ್ತು. ಹಾನ್ಸನಿಗೆ ನಾನು ಹೇಳಿದ್ದು ಒಲೆಯ ಮೇಲೆ ಹಾಲು ಕಾಯಿಸಬೇಕು ಅಂತ, ಅಷ್ಟೇ. ಅದು ಉಕ್ಕಿ ಚೆಲ್ಲಬೇಕು ಅನ್ನುವುದನ್ನು ಬಾಯಿಬಿಟ್ಟು ಯಾರು ಹೇಳುತ್ತಾರೆ?

ಇಟ್ಟಿಗೆ ಜೋಡಿಸಿ ಒಲೆ ಹೂಡಿದ್ದಾಯಿತು. ಪಾತ್ರೆಗೆ ಅರಿಶಿನ ಕುಂಕುಮ ಆಯಿತು. ಹಾಲು ನಂಜಮ್ಮನ ಎಮ್ಮೆಯದೇ. ಹಾನ್ಸ್ ಕುಕ್ಕರಗಾಲಿನಲ್ಲಿ ಕೂತು ರೆಪ್ಪೆ ಮಿಟುಕಿಸದೆ ಕಾದ. ನೊರೆ ಮೇಲೇರಿತು. ಅಂಚಿಗೆ ಬಂತು. ಇವನು ಕರ್ಚೀಫಿನಲ್ಲಿ ಪಾತ್ರೆ ಹಿಡಿದು ಪಟಕ್ಕನೆ ಕೆಳಗಿಳಿಸಿಬಿಟ್ಟ. ಒಂದು ತೊಟ್ಟೂ ಚೆಲ್ಲಿರಲಿಲ್ಲ. ನಮ್ಮತ್ತ ತಿರುಗಿ ಹೆಮ್ಮೆಯಿಂದ ನಕ್ಕ ಬೇರೆ.

ನಂಜಮ್ಮನ ಮುಖ ಕಪ್ಪಿಟ್ಟಿತು. "ಇದೇನ್ ಸ್ವಾಮಿ ಹಿಂಗ್ ಮಾಡ್ಬುಟ್ರು? ಹಾಲುಕ್ದೇ ಇರೋ ಮನೇಲಿ ಯಾರಾದ್ರೂ ಸಂಸಾರ ಹೂಡ್ತಾರಾ?" ಕೈಯಲ್ಲಿದ್ದ ಬೀಗದ ಕೈ ಸೆರಗಿನ ಗಂಟಿಗೆ ವಾಪಸು ಹೋಯಿತು. ತಾಯಿ ಮಗು ಬರುತ್ತಿದ್ದಾರೆ, ಎಲ್ಲಿಗೆ ಕರೆದುಕೊಂಡು ಹೋಗುತ್ತಾನೆ ಇವನು?

ಆದ ಎಡವಟ್ಟನ್ನು ಹಾನ್ಸನಿಗೆ ಬಿಡಿಸಿ ಹೇಳಿದೆ. ಅವನು ಕಿವಿಯವರೆಗೂ ಕೆಂಪಾದ. "ಯುದ್ಧದ ಕಾಲದಲ್ಲಿ ನಮಗೆ ಹಾಲು ಸಿಗೋದೇ ಅಪರೂಪವಾಗಿತ್ತು. ಕಾಯಿಸುವಾಗ ಅಮ್ಮ ನನ್ನನ್ನ ಒಲೆ ಮುಂದೆ ಕೂರಿಸೋಳು. ಚೆಲ್ಲಿದರೆ ಬೈತಿರಲಿಲ್ಲ, ಅತ್ತುಬಿಡ್ತಿದ್ದಳು. ಕೈ ತಾನಾಗೇ ಹೋಗಿಬಿಡ್ತು" ಅಂದ.

ಅದನ್ನು ನಂಜಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಅವರು ಬಂದು ಹಾನ್ಸನ ಪಕ್ಕದಲ್ಲಿ ನೆಲದ ಮೇಲೆ ಕೂತರು.

"ಅವ್ರಮ್ಮ ಇನ್ನೂ ಬದುಕವ್ರಾ?"

"ಇಲ್ಲ, ತೀರ್ಕೊಂಡ್ರು."

"ಹಂಗಾದ್ರೆ ನಾನ್ ಹೇಳ್ದೆ ಅಂತ ಅವ್ರಿಗೆ ಹೇಳಿ ಸ್ವಾಮಿ. ಇದು ಚೆಲ್ಲೋದಲ್ಲ, ಒಲೆಗೆ ಒಂದ್ ಗುಟುಕು ಕೊಡೋದು. ಮಿಕ್ಕಿದ್ದೆಲ್ಲ ನಾವೇ ಕುಡಿಯೋದು. ನಾನ್ ಹೇಳೋಗಂಟ ಮುಟ್ಬಾರ್ದು ಅನ್ನಿ."

ಪಾತ್ರೆ ಮತ್ತೆ ಒಲೆಗೇರಿತು. ಹಾನ್ಸ್ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. ಹಾಲು ಪೂರ್ವದ ಕಡೆಗೇ ಉಕ್ಕಿ ಹರಿಯಿತು, ಒಲೆ ಚುರ್ ಅಂತು. (ನೋಡಬೇಕಾದವನು ಮಾತ್ರ ಕಣ್ಣು ಮುಚ್ಚಿಕೊಂಡಿದ್ದ.) ಮಿಕ್ಕ ಹಾಲಿಗೆ ಸಕ್ಕರೆ ಹಾಕಿ ಮೂವರೂ ಕುಡಿದೆವು. ನನಗಂತೂ ಅಷ್ಟು ಖುಷಿ ನಮ್ಮ ಮನೆ ಹೊಕ್ಕ ದಿನವೂ ಆಗಿರಲಿಲ್ಲ.

"ಮಗು ಬರ್ತದಲ್ಲ, ದಿನಾ ಹಾಲು ನಮ್ಮನೆಯಿಂದ್ಲೇ ತಕ್ಕೊಳ್ಳಿ ಅನ್ನಿ" ಅನ್ನುತ್ತ ನಂಜಮ್ಮ ಸೆರಗಿನ ಗಂಟು ಬಿಚ್ಚಿದರು.

ಬಾಡಿಗೆಗೆ ಬಂದವನ ಅಮ್ಮನ ವಿಚಾರ ಕೇಳಿ ಮನೆ ಕೊಟ್ಟವರು ಈ ಊರಿನಲ್ಲಿ ಎಷ್ಟು ಮಂದಿ ಇದ್ದೀರಿ, ಕೈ ಎತ್ತಿ ನೋಡೋಣ?