ಹುಣಸೆಮರದಡಿ ಮಳೆಕಾಡು

ಮಳೆಕಾಡನ್ನು ನೋಡಿದವರು ಅದರ ಬಗ್ಗೆ ಮಾತಾಡುವುದರಲ್ಲಿ ಹೆಚ್ಚುಗಾರಿಕೆಯೇನಿಲ್ಲ. ನೋಡದೆಯೇ ಮಾತಾಡಬೇಕೆಂದರೆ ಪಾಠ ಹೇಳುವ ಕೆಲಸಕ್ಕೇ ಸೇರಬೇಕು. ನಾನು ಸೇರಿದ್ದೆ. ನ್ಯಾಮತಿಯಲ್ಲಿ ಹುಟ್ಟಿ ಬೆಳೆದ ನನ್ನನ್ನು ಎಪ್ಪತ್ತರ ದಶಕದ ನಡುವಿನಲ್ಲಿ ಜಗಳೂರು ಕಡೆಯ ಒಂದು ಹಳ್ಳಿಯ ಶಾಲೆಗೆ ಹಾಕಿದರು. ಅಲ್ಲಿ ಮಳೆಯೂ ಅಪರೂಪ, ಕಾಡೂ ಅಪರೂಪ. ಎರಡನ್ನೂ ಕೂಡಿಸಿ ಮಾಡಿದ ಪದವನ್ನು ಮೂರನೇ ತರಗತಿಯ ಮಕ್ಕಳಿಗೆ ವಿವರಿಸುವ ಭಾಗ್ಯ ನನ್ನದಾಯಿತು.

ಪುಸ್ತಕದಲ್ಲಿ ‘ನಿತ್ಯಹರಿದ್ವರ್ಣ’ ಎಂದಿತ್ತು. ಹರಿತ್ ಎಂದರೆ ಹಸಿರು ಎಂದು ನಾನು ಬಾಯಿ ತೆರೆಯುವ ಮೊದಲೇ ಮುಂದಿನ ಸಾಲಿನ ಹಾಲಮ್ಮ ಎದ್ದು ನಿಂತಳು.

“ಅಕ್ಕೋರೆ, ಆ ಕಾಡು ದಿನಾ ಹರಿದೋಗತೈತಾ? ಹೊಲಿಯೋರು ಯಾರ್ರೀ?”

ಸಂಸ್ಕೃತವನ್ನು ಕಟ್ಟಿಟ್ಟು ಕನ್ನಡಕ್ಕಿಳಿದೆ. ಎತ್ತರದ ಮರಗಳ ಕೊಂಬೆಗಳು ಕೂಡಿಕೊಂಡು ಕಾಡಿಗೆಲ್ಲ ಚಪ್ಪರ ಹಾಕಿದಂತಿರುತ್ತವೆ ಎಂದೆ. “ಮದುವಿ ಯಾರ್ದ್ರೀ?” ಎಂದಿತು ಹಿಂದಿನ ಸಾಲು. ತಪ್ಪು ಅವರದಲ್ಲ. ಶಾಲೆಯ ಸುತ್ತ ಇದ್ದ ಮರವೆಂದರೆ ಜಾಲಿ; ಅದರ ನೆರಳಿನಲ್ಲಿ ಬಿಸಿಲೇ ಹೆಚ್ಚು.

ಊರಾಚೆ ರಸ್ತೆಬದಿಯಲ್ಲಿ ಕೊಂಬೆಗೆ ಕೊಂಬೆ ಹೆಣೆದುಕೊಂಡ ಹಳೆಯ ಹುಣಸೆಮರಗಳಿದ್ದವು. ಮಧ್ಯಾಹ್ನ ಮಕ್ಕಳನ್ನೆಲ್ಲ ಅಲ್ಲಿಗೆ ಕರೆದೊಯ್ದು ಸಾಲಾಗಿ ಅಂಗಾತ ಮಲಗಿಸಿದೆ. ಕಾಡನ್ನು ಬೆನ್ನು ನೆಲಕ್ಕೆ ಕೊಟ್ಟೇ ನೋಡಬೇಕು ಎಂಬುದು ಆ ಕ್ಷಣಕ್ಕೆ ಹೊಳೆದ ಸಿದ್ಧಾಂತ. (ಎಂಬತ್ತರ ದಶಕದಲ್ಲಿ ಆಗುಂಬೆಯ ಕಾಡಿಗೆ ಹೋದಾಗ ಅಲ್ಲಿನ ಜಿಗಣೆಗಳು ಇದನ್ನು ತಿದ್ದಿದವು.) ನಾನೂ ಸೆರಗು ಸುತ್ತಿಕೊಂಡು ಮಲಗಿದೆ. ಮೇಲಿನ ಎಲೆಗಳು ಬಿಸಿಲು ಉಣ್ಣುತ್ತವೆ, ಉಳಿದದ್ದು ಕೆಳಗಿನವಕ್ಕೆ. ಎಷ್ಟೋ ಜೀವಗಳು ನೆಲಕ್ಕೇ ಇಳಿಯದೆ ಕೊಂಬೆಗಳಲ್ಲೇ ಬದುಕುತ್ತವೆ. ಕದಲದೆ ಸುಮ್ಮನಿದ್ದರೆ ಕಾಣಿಸಿಕೊಳ್ಳುತ್ತವೆ ಎಂದೆ. ಗದ್ದಲಕ್ಕೇ ಹುಟ್ಟಿದಂತಿದ್ದ ಮಕ್ಕಳು ಉಸಿರು ಬಿಗಿಹಿಡಿದು ಮಲಗಿಬಿಟ್ಟವು.

ಆ ಹೊತ್ತಿಗೆ ಒಬ್ಬ ಬಟ್ಟೆ ವ್ಯಾಪಾರಿ ಸೈಕಲ್ಲಿನಲ್ಲಿ ಹಾದುಹೋದನಂತೆ. ನಾವು ಅವನನ್ನು ನೋಡಲಿಲ್ಲ, ಅವನು ನಮ್ಮನ್ನು ನೋಡಿದ. ಸಂತಾನಹರಣ ಚಿಕಿತ್ಸೆಗೆ ಜನರನ್ನು ಹಿಡಿದೊಯ್ಯುವ ಜೀಪು ಶಾಲೆಗೂ ಬರುತ್ತದಂತೆ, ಮಕ್ಕಳಿಗೂ ಸೂಜಿ ಚುಚ್ಚಿ ಏನೋ ಮಾಡುತ್ತಾರಂತೆ ಎಂಬ ಗಾಳಿಸುದ್ದಿ ಊರೂರು ಸುತ್ತುತ್ತಿದ್ದ ತುರ್ತುಪರಿಸ್ಥಿತಿಯ ಕಾಲ. “ಮಕ್ಕಳೆಲ್ಲ ಸಾಲಾಗಿ ಬಿದ್ದಾವೆ, ಅಕ್ಕೋರೂ ಬಿದ್ದಾರೆ” ಎಂದು ಅವನು ಹೇಳಿದ್ದೇ ತಡ, ಹೊಲದಲ್ಲಿದ್ದವರು, ಒಲೆ ಮುಂದಿದ್ದವರು ಇದ್ದಂತೆಯೇ ಓಡಿಬಂದರು. ಎಲ್ಲರಿಗಿಂತ ಮುಂದೆ ಹಾಲಮ್ಮನ ಅಜ್ಜಿ ಕೆಂಚಮ್ಮ, ಕೈಯಲ್ಲಿ ಕುಡುಗೋಲು.

ನನಗೆ ಹೆದರಿಕೆಯಾಯಿತು. ಕುಡುಗೋಲಿಗಲ್ಲ. ಮನೆಮನೆಗೆ ಹೋಗಿ, ಬೈಸಿಕೊಂಡು, ಒಬ್ಬೊಬ್ಬರನ್ನಾಗಿ ಶಾಲೆಗೆ ತಂದ ಮಕ್ಕಳವು. ಈಗ ಎಳೆದುಕೊಂಡು ಹೋದರೆ ಮತ್ತೆ ಕಳಿಸುವವರಲ್ಲ. ಹೆಣ್ಣುಮಕ್ಕಳನ್ನಂತೂ ಇಲ್ಲವೇ ಇಲ್ಲ.

ಎದ್ದು ಏನೋ ಹೇಳಹೋದೆ, ಕೇಳುವವರಿಲ್ಲ. ಕೆಂಚಮ್ಮ ಮೊಮ್ಮಗಳ ಭುಜ ಹಿಡಿದು ಅಲುಗಾಡಿಸಿದಳು. “ಮಾತಾಡೇ ನನ್ನವ್ವಾ!”

ಹಾಲಮ್ಮ ಮರದಿಂದ ಕಣ್ಣು ಕೀಳದೆ ಪಿಸುಗುಟ್ಟಿದಳು: “ಸುಮ್ಕಿರಜ್ಜಿ, ಅಳಿಲು ಓಡೋಗತೈತೆ.”

ಮುದುಕಿ ನನ್ನ ಕಡೆ ತಿರುಗಿದಳು. “ಸೂಜಿ ಹಾಕಿಲ್ಲೇನ್ರೀ?”

“ಇಲ್ಲಜ್ಜಿ. ಕಾಡು ತೋರಿಸಾಕೆ ಕರ್ಕೊಂಡು ಬಂದೆ.”

“ಎಲ್ಲೈತ್ರೀ ಕಾಡು?”

“ಮಲಗಿದ್ರೆ ಕಾಣತೈತಜ್ಜಿ” ಎಂದು ಹಾಲಮ್ಮನೇ ಉತ್ತರ ಕೊಟ್ಟು, ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.

ಕೆಂಚಮ್ಮ ಕುಡುಗೋಲು ಕೆಳಗಿಟ್ಟು, ಸೊಂಟ ಹಿಡಿದುಕೊಂಡು ಮೆಲ್ಲಗೆ ಮಲಗಿದಳು. ಊರೇ ಸುತ್ತ ನಿಂತು ನೋಡುತ್ತಿತ್ತು. “ಮ್ಯಾಲಿನೋರು ಬಿಸಿಲು ಉಂಡು ಮಿಕ್ಕಿದ್ದು ಕೆಳಗಿನೋರಿಗೆ ಕೊಡ್ತಾರಂತಜ್ಜಿ” ಎಂದು ಮೊಮ್ಮಗಳು ಕಿವಿಯಲ್ಲಿ ಪಾಠ ಹೇಳಿದಳು. ಮುದುಕಿ ಒಂದೊಂದೇ ಕೊಂಬೆಯನ್ನು ಕಣ್ಣಲ್ಲೇ ಅಳೆದಳು. ಆಮೇಲೆ ಗಟ್ಟಿಯಾಗಿ ಕೂಗಿದಳು:

“ಲೇ, ಈ ಸಲ ಹುಣಸೆಕಾಯಿ ಎಷ್ಟು ಕಟ್ಟೈತೆ ನೋಡ್ರೋ!”

ಊರೆಲ್ಲ ತಲೆಯೆತ್ತಿತು. ಅಳಿಲು ಓಡಿಹೋಯಿತು. ಮಕ್ಕಳು ಅಜ್ಜಿಯ ಮೇಲೆ ಸಿಟ್ಟಾದವು. ನನಗೆ ನಗು ಬಂತೋ ಅಳು ಬಂತೋ, ಎರಡನ್ನೂ ಸೆರಗಿನಲ್ಲಿ ಒರೆಸಿಕೊಂಡೆ.

ಮರುದಿನ ಬೆಳಿಗ್ಗೆ ತರಗತಿಗೆ ಎಲ್ಲರೂ ಬಂದಿದ್ದರು. ಕೆಂಚಮ್ಮನೂ ಬಂದಳು, ಜೊತೆಗೆ ಅದುವರೆಗೆ ಆಡು ಕಾಯಲು ಇಟ್ಟುಕೊಂಡಿದ್ದ ಇನ್ನೊಬ್ಬ ಮೊಮ್ಮಗಳು.

“ಇವಳಿಗೂ ಆ ಮಲಗೋ ಪಾಠ ಹೇಳ್ಕೊಡ್ರಿ ಅಕ್ಕೋರೆ.”

ಆ ದಿನ ಇದ್ದದ್ದು ಮಗ್ಗಿ. ನೆಟ್ಟಗೆ ಕೂತೇ ಕಲಿಯಬೇಕಾದದ್ದು. ಹುಡುಗಿಯ ಮುಖ ಸಪ್ಪಗಾಯಿತು. ಆದರೂ ಮಾರನೆಯ ದಿನ ಬಂದಳು, ಅದರ ಮಾರನೆಯ ದಿನವೂ.